ಉಪದೇಶಿಯ ಹನ್ನೆರಡು ಜನ, ಲೂದಿಯಮ್ಮನ ಮೂವರು

ಹತ್ತಿರ ಬನ್ನಿ ಮಕ್ಕಳೇ. ಗೋಡೆಗೆ ಒರಗಿ ತೂಕಡಿಸೋರಿಗೆ ನಾನು ಕಥೆ ಹೇಳಲ್ಲ.

ಕಡಲೆಪುರ ಅಂತ ಒಂದು ರಾಜ್ಯ. ಅದಕ್ಕೊಬ್ಬ ಅರಸ. ಅರಸನಿಗೆ ಯೇಸುಸ್ವಾಮಿ ಗೊತ್ತಿರಲಿಲ್ಲ, ಆದರೆ ನ್ಯಾಯ ಗೊತ್ತಿತ್ತು. ಅವನ ಅರಮನೆ ಇದ್ದ ಊರಲ್ಲಿ ಸ್ವಾಮಿಯನ್ನು ನಂಬಿದ ಮೂವತ್ತು ಮನೆಗಳಿದ್ದವು. ಅವರಿಗೊಂದು ಪ್ರಾರ್ಥನೆ ಮನೆ, ಅದಕ್ಕೊಬ್ಬ ಉಪದೇಶಿ. ಹೆಸರು ಸಿಲ್ವಾನಪ್ಪ.

ಸಿಲ್ವಾನಪ್ಪ ಕೀರ್ತನೆ ಎತ್ತಿದರೆ ಎಮ್ಮೆಗಳೂ ಮೆಲುಕು ಹಾಕೋದು ನಿಲ್ಲಿಸೋವು. ಅಂಥ ಗಂಟಲು. ಆದರೆ ಅವನದೊಂದು ಹಠ. ಜ್ವರ ಬಂದರೆ ಅವನನ್ನೇ ಕರೀಬೇಕು, ಜಗಳ ಆದರೆ ಅವನನ್ನೇ ಕರೀಬೇಕು, ಯಾರಾದರೂ ತೀರಿಕೊಂಡರೂ ಅವನನ್ನೇ ಕರೀಬೇಕು. ಬೇರೆ ಯಾರೂ ಬಾಯಿ ಬಿಟ್ಟು ಪ್ರಾರ್ಥನೆ ಮಾಡೋ ಹಾಗಿಲ್ಲ. ಹನ್ನೆರಡು ಜನ ಶಿಷ್ಯರು ಅವನ ಹಿಂದೆ ಓಡಾಡೋರು. ಒಬ್ಬ ಕೊಡೆ ಹಿಡಿಯೋನು, ಒಬ್ಬ ಪುಸ್ತಕ ಹೊರೋನು, ಉಳಿದವರು "ಆಮೆನ್" ಅನ್ನೋರು. ಅಷ್ಟೇ ಕೆಲಸ.

ಅದೇ ಊರಲ್ಲಿ ಲೂದಿಯಮ್ಮ ಅಂತ ಮೊಸರು ಮಾರೋ ಮುದುಕಿ ಇದ್ದಳು. ಎಂಥ ಅಂತಃಕರಣದ ಮುದುಕಿ ಅಂತೀರಿ! ಅವಳ ಹತ್ತಿರ ಮೂವರು ಕಲಿಯೋಕೆ ಬರ್ತಿದ್ದರು. ಬಟ್ಟೆ ಒಗೆಯೋ ರೂತಮ್ಮ, ಮಾತು ತೊದಲೋಳು. ಬುಟ್ಟಿ ಹೆಣೆಯೋ ಒಬ್ಬ ಮುಂಗೋಪಿ. ಕಿವಿ ಕೇಳದ ಒಬ್ಬ ಅಜ್ಜ. ಲೂದಿಯಮ್ಮ ಅವರನ್ನು ಒಲೆ ಮುಂದೆ ಕೂರಿಸಿಕೊಂಡು ಸ್ವಾಮಿಯ ಮಾತು ಹೇಳೋಳು. ಹೇಳಿ ಮುಗಿಸಿ, "ಏಳಿ, ಈಗ ಮಾಡೋಣ" ಅನ್ನೋಳು. ರೋಗಿಯ ಮನೆಯಲ್ಲಿ ಮೊದಲ ಸಲ ಅವಳು ಪ್ರಾರ್ಥಿಸೋಳು, ಅವರು ನೋಡೋರು. ಎರಡನೇ ಸಲ ಅವರು ಪ್ರಾರ್ಥಿಸೋರು, ಅವಳು ನೋಡೋಳು. ಮೂರನೇ ಸಲ ಅವರೇ ಹೋಗೋರು, ಅವಳು ಮನೆಯಲ್ಲಿ ಮಜ್ಜಿಗೆ ಕಡೆಯೋಳು.

ಸಿಲ್ವಾನಪ್ಪನಿಗೆ ಹೊಟ್ಟೆಕಿಚ್ಚು. "ಅಲ್ಲಮ್ಮಾ, ಎಲ್ಲಾ ಕಲಿಸಿಬಿಟ್ಟರೆ ನಾಳೆ ನಿನ್ನ ಬಾಗಿಲಿಗೆ ಯಾರು ಬರ್ತಾರೆ?" ಅಂದ.

"ಹೆಪ್ಪು ಕೇಳಿ ಬಂದವರಿಗೆ ಯಾಕೆ ಕೊಡ್ತೀವಿ, ಉಪದೇಶಿಗಳೇ? ಅವರ ಮನೇಲೂ ಮೊಸರಾಗಲಿ ಅಂತ ತಾನೇ?" ಅಂದಳು ಲೂದಿಯಮ್ಮ.

ಸಿಲ್ವಾನಪ್ಪ ನೆಟ್ಟಗೆ ಅರಸನ ಹತ್ತಿರ ಹೋದ. "ಈ ಅಕ್ಷರ ಬಾರದ ಮುದುಕಿ ನಮ್ಮ ಸಭೆ ಒಡೀತಿದ್ದಾಳೆ, ಪ್ರಭೂ. ಊರು ಬಿಡಿಸಿ."

ಲೂದಿಯಮ್ಮ ಹುಟ್ಟಿದ್ದು, ಗಂಡನನ್ನು ಮಣ್ಣು ಮಾಡಿದ್ದು ಎಲ್ಲಾ ಆ ಊರಲ್ಲೇ. ಸುದ್ದಿ ಕೇಳಿ ಪಾಪ, ಗಂಡನ ಸಮಾಧಿ ಹತ್ತಿರ ಹೋಗಿ ಕೂತಳು.

ಅರಸ ಇಬ್ಬರನ್ನೂ ಕರೆಸಿದ. "ನೀವಿಬ್ಬರೂ ನಲವತ್ತು ದಿನ ನನ್ನ ಬೆಟ್ಟದ ಕೋಟೇಲಿ ಇರಿ. ನೀವಿಲ್ಲದಾಗ ಯಾರು ಕಲಿಸಿದ್ದು ಉಳಿಯುತ್ತೆ, ನೋಡೋಣ. ಸೋತವರು ಊರು ಬಿಡಬೇಕು."

ಸಿಲ್ವಾನಪ್ಪ ಒಳಗೊಳಗೇ ನಕ್ಕ. ಹನ್ನೆರಡು ಜನರ ಮುಂದೆ ಒಬ್ಬ ತೊದಲಿ, ಒಬ್ಬ ಮುಂಗೋಪಿ, ಒಬ್ಬ ಕಿವುಡ ಯಾವ ಲೆಕ್ಕ?

ಮೊದಲು ಕುಂಬಾರರ ಮನೆಯಲ್ಲಿ ಜ್ವರ ಬಂತು. ಹನ್ನೆರಡು ಜನ, "ಉಪದೇಶಿಗಳು ಬರಲಿ" ಅಂದರು. ರೂತಮ್ಮ ಹೋದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು, ತೊದಲುತ್ತಲೇ ಪ್ರಾರ್ಥನೆ ಮಾಡಿದಳು.

ಆಮೇಲೆ ಇಬ್ಬರು ಅಣ್ಣತಮ್ಮಂದಿರು ಗೋಡೆ ವಿಷಯಕ್ಕೆ ದೊಣ್ಣೆ ಎತ್ತಿದರು. ಹನ್ನೆರಡು ಜನ, "ಉಪದೇಶಿಗಳು ಬರಲಿ" ಅಂದರು. ಬುಟ್ಟಿಯವನು ಹೋಗಿ ಇಬ್ಬರ ನಡುವೆ ಕೂತ. "ಕೋಪದ ಪಾಡು ನನಗೆ ಗೊತ್ತು ಕಣ್ರಪ್ಪಾ" ಅಂದ. ಅವರು ಒಟ್ಟಿಗೆ ಉಣ್ಣೋ ತನಕ ಅವನು ಏಳಲಿಲ್ಲ.

ಕೊನೆಗೆ ಒಬ್ಬ ತಾಯಿಯ ಎಳೆ ಕೂಸು ತೀರಿಕೊಂಡಿತು. ಆಗಲೂ ಹನ್ನೆರಡು ಜನ, "ಉಪದೇಶಿಗಳು ಬರಲಿ" ಅಂದರು. ಕಿವುಡಜ್ಜ ಹೋದ. ಅವಳ ಅಳು ಅವನಿಗೆ ಕೇಳಿಸಲಿಲ್ಲ. ಆದರೂ ಕೈ ಹಿಡಿದುಕೊಂಡು ಹೊತ್ತು ಮುಳುಗೋವರೆಗೂ ಜೊತೆಗೇ ಕೂತ.

ನಲವತ್ತು ದಿನ ಕಳೆದು ಎಲ್ಲರೂ ಅರಮನೆಯಲ್ಲಿ ಸೇರಿದರು. ಊರ ಹಿರಿಯರು ನಡೆದದ್ದನ್ನೆಲ್ಲ ಹೇಳಿದರು. ಅರಸ ಆ ಮೂವರನ್ನು ಕೇಳಿದ, "ನೀವು ಯಾರ ಶಿಷ್ಯರು?"

"ನಾ... ನಾವು ಯೇಸುಸ್ವಾಮಿ ಶಿಷ್ಯರು, ದೊರೆ" ಅಂದಳು ರೂತಮ್ಮ.

ಹನ್ನೆರಡು ಜನರನ್ನೂ ಕೇಳಿದ. "ಸಿಲ್ವಾನಪ್ಪನವರ ಶಿಷ್ಯರು" ಅಂತ ಒಕ್ಕೊರಲಲ್ಲಿ ಹೇಳಿದರು.

ಸಪ್ಪಗೆ ನಿಂತಿದ್ದ ಸಿಲ್ವಾನಪ್ಪನಿಗೆ ಜೀವ ಬಂತು. "ಕೇಳಿದಿರಾ ಪ್ರಭೂ? ಮುದುಕಿಗೆ ಒಬ್ಬ ಶಿಷ್ಯನೂ ಇಲ್ಲ. ಅವರ ಬಾಯಲ್ಲೇ ಬಂತು. ನನಗೆ ಹನ್ನೆರಡು."

ಅರಸ ಮೆಲ್ಲಗೆ ಕೇಳಿದ, "ಉಪದೇಶಿಗಳೇ, ಶಿಷ್ಯರನ್ನು ಮಾಡೋಕೆ ನಿಮ್ಮ ಸ್ವಾಮಿ ನಿಮ್ಮನ್ನು ಕಳಿಸಿದರು ಅಂತೀರಲ್ಲ, ಯಾರಿಗೆ ಶಿಷ್ಯರನ್ನು? ನಿಮಗೋ, ಅವರಿಗೋ?"

ಸಿಲ್ವಾನಪ್ಪ ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದಿದ್ದ. "ಸೋತೆ ಪ್ರಭೂ, ಊರು ಬಿಡ್ತೀನಿ" ಅಂತ ನೆಲಕ್ಕೆ ಕುಸಿದು ಕೂತ.

ಆಗ ರೂತಮ್ಮ ಹೋಗಿ ಅವನ ಪಕ್ಕ ಮೊಣಕಾಲೂರಿದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. "ಸ್ವಾ... ಸ್ವಾಮೀ, ನಮ್ಮ ಉಪದೇಶಿಗಳು ಎಲ್ಲಾನೂ ಒಬ್ಬರೇ ಹೊತ್ತು ದಣಿದಿದ್ದಾರೆ. ಅವರನ್ನ ನಮ್ಮ ಜೊ... ಜೊತೇಲೇ ಇಟ್ಟುಕೋ" ಅಂದಳು.

ಊರಿಗೆಲ್ಲ ಪ್ರಾರ್ಥನೆ ಮಾಡಿದ ಸಿಲ್ವಾನಪ್ಪನಿಗೋಸ್ಕರ ಅಲ್ಲಿಯವರೆಗೂ ಯಾರೂ ಪ್ರಾರ್ಥನೆ ಮಾಡಿರಲಿಲ್ಲ, ಮಕ್ಕಳೇ. ಅವನು ಮಗುವಿನ ಹಾಗೆ ಅತ್ತ. ಅರಸ ಊರು ಬಿಡಿಸೋ ಮಾತನ್ನು ಅಲ್ಲಿಗೇ ಬಿಟ್ಟ.

ತಿಳೀತಾ? ನಮ್ಮ ಹಿಂದೆ ಜನ ಕೂಡಿಸಿಕೊಂಡರೆ ಅದು ಶಿಷ್ಯರನ್ನು ಮಾಡಿದ ಹಾಗಲ್ಲ. ಜೊತೆಗೆ ನಡೀಬೇಕು, ಮಾಡಿ ತೋರಿಸಬೇಕು, ಆಮೇಲೆ ಸ್ವಾಮಿಯ ಕೈಗೆ ಅವರನ್ನು ಕೊಟ್ಟು ನಾವು ಪಕ್ಕಕ್ಕೆ ಸರೀಬೇಕು. ಹಾಗೆ ಕಲಿತವರು ಇರೋ ಊರಲ್ಲಿ ಯಾರು ಬಿದ್ದರೂ ಎತ್ತೋಕೆ ಒಬ್ಬರು ಇದ್ದೇ ಇರ್ತಾರೆ.