ಕಾಜಾಣದ ಬಾಲ ಕವಲಾದದ್ದು

ಲೋಕ ಆಗಿನ್ನೂ ಹಸಿಹಸಿಯಾಗಿತ್ತು. ಹೊಳೆಗೆ ತನ್ನ ದಾರಿ ಬಾಯಿಪಾಠವಾಗಿರಲಿಲ್ಲ. ಗಾಳಿಗೆ ಮೆಲ್ಲಗೆ ಬೀಸುವ ಶಿಸ್ತು ಬಂದಿರಲಿಲ್ಲ. ಆಗ ಕಾಜಾಣದ ಬಾಲ ಉದ್ದವಾಗಿ, ಕಪ್ಪಾಗಿ, ತುದಿಯಲ್ಲಿ ನೇರವಾಗಿತ್ತು. ಕಾಜಾಣ ಎಂದರೆ ಕಾಗೆಯಲ್ಲ, ಮಕ್ಕಳೇ. ಕಪ್ಪಾದದ್ದೆಲ್ಲ ಕಾಗೆ ಎನ್ನುವವರು ಕಣ್ಣು ಬಿಟ್ಟು ನೋಡದವರು. ಕಾಜಾಣ ಕಾಗೆಗಿಂತ ಬಹಳ ಚಿಕ್ಕ ಹಕ್ಕಿ.

ಈ ಕಾಜಾಣನಿಗೆ ಒಂದು ಅಭ್ಯಾಸವಿತ್ತು. ಯಾರು ಏನು ಹೇಳಿದರೂ "ಅದು ಹೇಗೆ?" ಎಂದು ಕೇಳುತ್ತಿದ್ದ.

"ನಾನು ಇಳಿಜಾರಿನಲ್ಲೇ ಹರಿಯುವವಳು," ಎಂದಳು ಹೊಳೆ.

"ಅದು ಹೇಗೆ? ಒಂದು ಸಲವಾದರೂ ಏರು ಹತ್ತಿ ನೋಡಿದ್ದೀಯಾ?"

ಹೊಳೆ ಹತ್ತಲು ಹೋಗಿ, ಸುಳಿಯಾಗಿ ತಿರುಗಿ, ತಲೆಸುತ್ತಿ ನಿಂತಳು. "ನಿನ್ನ ಮಾತು ಕೇಳಿದ್ದಕ್ಕೆ ನನಗೆ ಆಗಬೇಕಾದದ್ದೇ!" ಎಂದು ಬೈದಳು.

"ನಾನು ಯಾರ ಕಣ್ಣಿಗೂ ಬೀಳುವುದಿಲ್ಲ," ಎಂದ ಗಾಳಿರಾಯ.

"ಅದು ಹೇಗೆ? ಆ ಹುಲ್ಲು ಬಾಗಿದಾಗಲೆಲ್ಲ ನೀನು ಕಾಣುತ್ತೀಯಲ್ಲ!"

ಗಾಳಿರಾಯ ಮುಖ ಊದಿಸಿಕೊಂಡು ಹೊರಟುಹೋದ. ಹೀಗಾಗಿ ಕಾಜಾಣ ಕುಳಿತ ಕೊಂಬೆಯಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ.

ಹಕ್ಕಿಗಳ ಸಭೆ ದೊಡ್ಡ ಆಲದ ಮರದಲ್ಲಿ ಸೇರುತ್ತಿತ್ತು. ರಣಹದ್ದಜ್ಜ ಅದಕ್ಕೆ ಹಿರಿಯ. ಅಜ್ಜ ಕತ್ತು ಆಡಿಸಿದರೆ ಎಲ್ಲರೂ "ಹೌದು" ಎನ್ನಬೇಕು. ಒಬ್ಬರೂ ಬಿಡದೆ ಹೌದು ಎಂದರೆ ಅದೇ ಕಟ್ಟಳೆ. ಸಭೆ ಸೇರುವುದು ಊಟದ ಹೊತ್ತಿಗೆ. ಆದ್ದರಿಂದ ಮಾತು ಮುಗಿಯುವ ಮೊದಲೇ ಹೌದು ಎಂದು ಹಾರಿಹೋಗುವುದು ಹಕ್ಕಿಗಳಿಗೆ ರೂಢಿಯಾಗಿತ್ತು.

ಒಂದು ದಿನ ಪಾರಿವಾಳದ ಜಾತಿಯ ಬೆಳವಕ್ಕ ಸಭೆಗೆ ಅಳುತ್ತ ಬಂದಳು. ಅವಳು ನೀರು ಕುಡಿಯಲು ಹೋಗಿದ್ದಾಗ ಕಾಗಣ್ಣ ಅವಳ ಗೂಡಿನ ಅಂಚಿನಲ್ಲಿ ಕುಳಿತು, ಎರಡು ಬಿಳಿ ಮೊಟ್ಟೆಗಳ ಮೇಲೆ ಕೊಕ್ಕು ಎತ್ತಿದ್ದ. ಅವಳು ಕೂಗಿಕೊಂಡದ್ದರಿಂದ ಮೊಟ್ಟೆಗಳು ಉಳಿದಿದ್ದವು.

"ನಾಲ್ಕು ಕಡ್ಡಿ ಅಡ್ಡ ಇಟ್ಟಿದ್ದಾಳೆ, ಅದಕ್ಕೆ ಗೂಡು ಅನ್ನುತ್ತಾರೆಯೇ?" ಎಂದು ಕಾಗಣ್ಣ ನಕ್ಕ. "ನೋಡಿ ಅಜ್ಜ, ತಾಯಿ ಬಿಟ್ಟುಹೋದ ಗೂಡು ಯಾರದೂ ಅಲ್ಲ. ಅದರಲ್ಲಿನ ಮೊಟ್ಟೆ ಕಂಡವರ ಪಾಲು. ಹೀಗೊಂದು ಕಟ್ಟಳೆ ಆಗಲಿ."

ಅಜ್ಜನಿಗೆ ಹಸಿವು. ಕತ್ತು ಆಡಿಸಿದ.

"ಹೌದು, ಹೌದು," ಎಂದವು ಹಕ್ಕಿಗಳು. ಬೆಳವಕ್ಕ ರೆಕ್ಕೆಯಲ್ಲಿ ಮುಖ ಮುಚ್ಚಿಕೊಂಡಳು.

"ಅದು ಹೇಗೆ?" ಎಂದ ಕಾಜಾಣ.

"ಶುರುವಾಯಿತಪ್ಪ ಇವನದು!" ಎಂದಿತು ಗಿಳಿ.

"ಲೋ ತಮ್ಮಾ," ಎಂದ ಅಜ್ಜ, "ಹೌದು ಅನ್ನು. ಇಲ್ಲವಾದರೆ ಈ ಮರ ಬಿಟ್ಟು ನಡಿ."

"ಹೋಗುತ್ತೇನೆ ಅಜ್ಜ. ಒಂದೇ ಮಾತು ಕೇಳಿ ಹೋಗುತ್ತೇನೆ. ಕಾಗಣ್ಣ, ನಿನ್ನ ಹೆಂಡತಿ ಕಾಗಕ್ಕ ಇಲ್ಲಿ ನಿನ್ನ ಪಕ್ಕದಲ್ಲೇ ಕುಳಿತಿದ್ದಾಳೆ. ಹಾಗಾದರೆ ನಿಮ್ಮ ಗೂಡಿನ ಮೊಟ್ಟೆ ಈಗ ಯಾರ ಪಾಲು?"

ಕಾಗಣ್ಣ ತಿರುಗಿ ಕಾಗಕ್ಕನನ್ನು ನೋಡಿದ.

"ಅಯ್ಯೋ, ನನ್ನ ಮೊಟ್ಟೆ!" ಎಂದು ಕಾಗಕ್ಕ ಹಾರಿಯೇಬಿಟ್ಟಳು.

ಹಕ್ಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಎಲ್ಲರ ಗೂಡಿನಲ್ಲೂ ಕಾಯಲು ತಾಯಿಯಿಲ್ಲ! "ಇಲ್ಲ ಅಜ್ಜ, ಇಲ್ಲ! ಆ ಕಟ್ಟಳೆ ಬೇಡ!" ಎಂದು ಮರವೆಲ್ಲ ಕೂಗಿತು. ಅಜ್ಜ ಗಂಟಲು ಸರಿಮಾಡಿಕೊಂಡು, "ಬೇಡವೆಂದರೆ ಬೇಡ," ಎಂದ.

ಕಾಗಣ್ಣನಿಗೆ ಸಿಟ್ಟು ತಡೆಯಲಿಲ್ಲ. ಹಾರಿ ಬಂದು ಕಾಜಾಣನ ಬಾಲದ ನಡುವಿನ ಗರಿಗಳನ್ನು ಕಚ್ಚಿ ಎಳೆದ. ನಡುವಿನವು ಕಿತ್ತುಬಂದವು, ಎರಡು ಅಂಚಿನವು ಮಾತ್ರ ಉಳಿದವು.

ಕಾಜಾಣ ತತ್ತರಿಸಿ ಬಿದ್ದ. ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ಗಾಳಿರಾಯ ಹಳೆಯ ಸಿಟ್ಟು ಮರೆತು ಕೆಳಗಿನಿಂದ ಎತ್ತಿ ಹಿಡಿದ. "ಆ ಎರಡು ಗರಿಗಳ ನಡುವೆ ನನಗೆ ದಾರಿ ಬಿಡು, ನೋಡೋಣ."

ಕಾಜಾಣ ಬಿಟ್ಟ. ಎಡಕ್ಕೆಂದರೆ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ, ಗಕ್ಕನೆ ತಿರುಗಬಹುದಾಗಿತ್ತು! ನೇರ ಬಾಲದಲ್ಲಿ ಈ ಚುರುಕು ಎಲ್ಲಿತ್ತು? ಕಾಗಣ್ಣ ಇನ್ನೊಮ್ಮೆ ಮೇಲೆ ಬೀಳುವಷ್ಟರಲ್ಲಿ ಕಾಜಾಣ ಅವನ ಬೆನ್ನ ಹಿಂದಿದ್ದ. ಹೊಳೆಯಾಚೆಯವರೆಗೂ ಅಟ್ಟಿಕೊಂಡು ಹೋದ.

ಮರುದಿನ ಬೆಳವಕ್ಕ ಕಾಜಾಣನ ಮರಕ್ಕೆ ಬಂದಳು. "ತಮ್ಮಾ, ಮುಂದಿನ ಸಲ ಗೂಡನ್ನು ನಿನ್ನ ಕೆಳಗಿನ ಕೊಂಬೆಯಲ್ಲಿ ಕಟ್ಟಿಕೊಳ್ಳಲೇ?"

"ನಾನು ಜಗಳಗಂಟ, ಅಕ್ಕಾ. ಬೆಳಗಾಗುವ ಮೊದಲೇ ಗಲಾಟೆ ಮಾಡುವವನು."

"ಆ ಗಲಾಟೆ ಕೇಳಿದರೆ ನನಗೆ ನೆಮ್ಮದಿಯಾಗಿ ನಿದ್ದೆ ಬರುತ್ತದೆ," ಎಂದಳು ಬೆಳವಕ್ಕ.

ಹುಟ್ಟಿದಂದಿನಿಂದ ಮೊದಲ ಬಾರಿಗೆ ಕಾಜಾಣ "ಅದು ಹೇಗೆ?" ಎಂದು ಕೇಳಲಿಲ್ಲ. ಸರಿದು, ತನ್ನ ಕೊಂಬೆಯಲ್ಲಿ ಅವಳಿಗೆ ಜಾಗ ಬಿಟ್ಟ.

ಇಂದಿಗೂ ಕರೆಂಟು ತಂತಿಯ ಮೇಲಿಂದ ಕವಲುಬಾಲದ ಪುಟ್ಟ ಕಪ್ಪು ಹಕ್ಕಿಯೊಂದು ತನಗಿಂತ ದೊಡ್ಡ ಕಾಗೆಯನ್ನು ಬೈಯುತ್ತ ಅಟ್ಟುವುದನ್ನು ಕಂಡರೆ, ಅದು ಮರಳಿ ಹೋಗುವ ಮರವನ್ನು ಸರಿಯಾಗಿ ನೋಡಿ, ಮಕ್ಕಳೇ: ಅದರ ಗೂಡಿನ ಕೆಳಗೆ ನಾಲ್ಕು ಕಡ್ಡಿಯ ಗೂಡಿನಲ್ಲಿ ಬೆಳವವೊಂದು ಕಣ್ಣುಮುಚ್ಚಿ ಕಾವು ಕೊಡುತ್ತಿರುತ್ತದೆ.