ಪಂಜರ ಹಾಕದ ಕುಪ್ಪಿ

ಒಂದು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ನೀಲಗಂಗಾ ಹೂಗಾರ ಎಂಬ ಪ್ರೊಫೆಸರ್ ಇದ್ದರು. ನಿವೃತ್ತಿಗೆ ಇನ್ನು ಎಂಟೇ ತಿಂಗಳು. ಮಂಡಿ ನೋವು, ಕಣ್ಣಿಗೆ ಪೊರೆ, ಮೇಜಿನ ಮೇಲೆ ಸಹಿಗೆ ಕಾದು ಕೂತ ಕಡತಗಳು. ಬೆಳಿಗ್ಗೆ ವಿಭಾಗದ ಮೆಟ್ಟಿಲು ಹತ್ತುವಾಗಲೇ, ಸಂಜೆ ಇಳಿಯೋದು ಯಾವಾಗಪ್ಪಾ ಅನ್ನಿಸುವಷ್ಟು ದಣಿದಿದ್ದರು. ದಣಿವು ತಪ್ಪಲ್ಲ ಬಿಡಿ. ಮೂವತ್ತು ವರ್ಷ ಪಾಠ ಹೇಳಿ, ಉತ್ತರಪತ್ರಿಕೆ ತಿದ್ದಿ, ಸಂಶೋಧನೆಯ ಅನುದಾನಕ್ಕೆ ಅರ್ಜಿ ಬರೆದೂ ಬರೆದೂ 'ವಿಷಾದಿಸುತ್ತೇವೆ' ಎಂಬ ಉತ್ತರ ಓದಿದವರಿಗೆ ದಣಿವಾಗದೆ ಇನ್ನೇನಾಗುತ್ತದೆ?

ಆದರೆ ಅವರಿಗೊಂದು ಹೆಸರಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಅವರು ಪಂಜರದ ಆಕಾರದ ಒಂದು ವಿಚಿತ್ರ ಅಣುವನ್ನು ಕಟ್ಟಿದ್ದರು. ಮೂಲೆಗಳಲ್ಲಿ ಸತುವಿನ ಪರಮಾಣು, ಸರಳುಗಳ ಜಾಗದಲ್ಲಿ ಇಂಗಾಲದ ಉದ್ದುದ್ದ ತುಂಡು. ಕುಪ್ಪಿಯಲ್ಲಿ ಹಾಕಿಟ್ಟರೆ ಇವು ತಾವೇ ಕೂಡಿಕೊಂಡು ಪಂಜರವಾಗುತ್ತವೆ. ಆ ಪಂಜರ ಯಾವ ಕಣ್ಣಿಗೂ ಕಾಣುವುದಿಲ್ಲ, ನಮಗೆ ಸಿಗುವುದು ಒಂದಿಷ್ಟು ಬಿಳಿ ಪುಡಿ ಮಾತ್ರ. ಬೇರೆ ಎರಡು ಅಣುಗಳು ಈ ಪಂಜರದ ಹೊಟ್ಟೆಯೊಳಗೆ ಹೊಕ್ಕು, ಒಂದಕ್ಕೊಂದು ಅಂಟಿಕೊಂಡು, ಹೊಸ ಅಣುವಾಗಿ ಹೊರಗೆ ಬರುತ್ತವೆ ಎಂದು ಅವರು ಬರೆದ ಲೇಖನ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು. ಪ್ರೊಫೆಸರ್ ಹುದ್ದೆ ಬಂದದ್ದು ಅದರಿಂದ. ಜಪಾನಿಗೆ ಭಾಷಣಕ್ಕೆ ಹೋಗಿ ಬಂದದ್ದೂ ಅದರಿಂದ. ಆಮೇಲೆ ಅಂಥದ್ದು ಇನ್ನೊಂದು ಕೈಗೆ ಬರಲಿಲ್ಲ. ಒಂದಾದರೂ ಇದೆಯಲ್ಲ ಎಂದು ಅವರು ಸಮಾಧಾನ ಮಾಡಿಕೊಂಡಿದ್ದರು.

ಇವರ ಹತ್ತಿರ ಪಿಎಚ್‌ಡಿ ಮಾಡಲು ಐದು ವರ್ಷದ ಹಿಂದೆ ಗಜೇಂದ್ರಗಡದಿಂದ ಶಮೀಮಾ ನದಾಫ್ ಎಂಬ ಹುಡುಗಿ ಬಂದಿದ್ದಳು. ಅಪ್ಪ ಗಾದಿ ಹೊಲಿಯುವವರು. ಹುಡುಗಿ ಚುರುಕು, ಕೆಲಸಕ್ಕೆ ಹಿಂದೆ ಮುಂದೆ ನೋಡುವವಳಲ್ಲ. ಹಳೆಯ ಪಂಜರದಲ್ಲಿ ಹೊಸ ಹೊಸ ಅಣುಗಳನ್ನು ಜೋಡಿಸುವುದು ಅವಳ ವಿಷಯ. ಆದರೆ ಮೇಡಂ ಒಂದು ಷರತ್ತು ಹಾಕಿದರು: "ಮೊದಲ ನಾ ಮಾಡಿದ್ದನ್ನ ಮಾಡಿ ತೋರಿಸು, ಆಮ್ಯಾಲ ಹೊಸದು." ಅದು ನ್ಯಾಯವಾದ ಮಾತೇ.

ನ್ಯಾಯವಾದ ಆ ಮಾತೇ ಶಮೀಮಾಗೆ ಮುಳುವಾಯಿತು. ಮೊದಲ ಎರಡು ವರ್ಷ ಕೋರ್ಸು, ಪರೀಕ್ಷೆ, ಪಂಜರ ಕಟ್ಟುವುದನ್ನು ಕಲಿಯುವುದರಲ್ಲೇ ಹೋದವು, ಆಮೇಲೆ ಪ್ರಯೋಗಕ್ಕೆ ಕೂತಳು. ನಾಲ್ಕು ಗಂಟೆ ಕಲಕಿದರೆ ಕುಪ್ಪಿಯ ತಳದಲ್ಲಿ ಹೊಸ ಪದಾರ್ಥದ ಬಿಳಿ ಪುಡಿ ಕೂರಬೇಕು. ಅವಳ ಕುಪ್ಪಿ ಮಾತ್ರ ನಲ್ಲಿ ನೀರಿನ ಹಾಗೆ ತಿಳಿಯಾಗಿಯೇ ಇರುತ್ತಿತ್ತು. ಒಂದು ತಿಂಗಳಲ್ಲ, ಎರಡು ತಿಂಗಳಲ್ಲ, ಪೂರಾ ಮೂರು ವರ್ಷ.

"ಮೇಡಂ, ಇವತ್ತೂ ಬರಲಿಲ್ರೀ."

"ಎಷ್ಟನೇ ಸಲ ಇದು?"

"ಅರವತ್ತೇಳನೇದ್ರೀ."

"ನಿನ್ನ ಕೈಗುಣ ನೋಡವ್ವಾ. ಅದೇ ಪುಡಿ, ಅದೇ ದ್ರಾವಕ. ನನಗ ಬರ್ತಿತ್ತು, ನಿನಗ ಬರವಲ್ದು. ನಿನ್ನ ಕೈನ ಸರಿಯಿಲ್ಲ."

ನೋಡಿ, ಇದೊಂದು ತಮಾಷೆ. ಬೆಳಗಿನಿಂದ ಸಂಜೆತನಕ ವಿಜ್ಞಾನ ವಿಜ್ಞಾನ ಅನ್ನುವ ಜನ. ಮಿಲಿಗ್ರಾಂ ಲೆಕ್ಕದಲ್ಲಿ ತೂಗುವ ಜನ. ಆದರೆ ಒಂದು ಪ್ರಯೋಗ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದಿದ್ದರೆ ಮಾತ್ರ ಅಡುಗೆಮನೆಯ ಅಜ್ಜಿಯ ಹಾಗೆ ಕೈಗುಣ ಅಂದುಬಿಡುತ್ತಾರೆ. ಯಾವ ಪ್ರಯೋಗಾಲಯಕ್ಕೆ ಬೇಕಾದರೂ ಹೋಗಿ ಕೇಳಿ, ಈ ಮಾತು ಇದ್ದೇ ಇರುತ್ತದೆ.

ಒಂದು ದಿನ ಶಮೀಮಾ ಧೈರ್ಯ ಮಾಡಿ, "ಮೇಡಂ, ಆ ಹಳೇ ಲೇಖನದಾಗ ಏನರ ಬಿಟ್ಟು ಹೋಗಿರಬಹುದೇನ್ರೀ?" ಎಂದು ಕೇಳಿದಳು. ಮೇಡಂಗೆ ಆ ದಿನ ಮಂಡಿ ಬಹಳ ನೋಯುತ್ತಿತ್ತು. "ಕುಣೀಲಿಕ್ಕೆ ಬರಲಾರದಾಕಿ ನೆಲ ಡೊಂಕು ಅಂದ್ಲಂತ" ಎಂದುಬಿಟ್ಟರು. ಅದೂ ನಾಲ್ಕು ಜನ ಕಿರಿಯ ವಿದ್ಯಾರ್ಥಿಗಳ ಎದುರಿಗೆ. ಎಲ್ಲರೂ ನಕ್ಕರು. ಶಮೀಮಾನೂ ನಕ್ಕಳು, ನಗದೆ ಏನು ಮಾಡ್ತಾಳೆ ಪಾಪ? ಆಮೇಲೆ ಹೋಗಿ ಕಣ್ಣು ತೊಳೆದುಕೊಂಡು ಬಂದಳು. ಅವತ್ತಿಂದ ಅವಳು ಆ ಪ್ರಶ್ನೆ ಕೇಳಲಿಲ್ಲ. ಕುಪ್ಪಿಗಳನ್ನು ನಾಲ್ಕು ನಾಲ್ಕು ಸಲ ತೊಳೆದಳು. ಕೈಗವಸು ಬದಲಾಯಿಸಿದಳು. ಐದು ವರ್ಷ ತುಂಬಿ ಫೆಲೋಶಿಪ್ ನಿಂತಿತು. ಊರಿಂದ ಅಪ್ಪ ಫೋನ್ ಮಾಡಿ, "ಇಷ್ಟು ವರ್ಷ ಇರ್ತದೇನವ್ವಾ ಸಾಲಿ? ಸಾಕು, ಬಂದುಬಿಡು ಮನೀಗೆ" ಅಂದರು.

ಒಂದು ಸೋಮವಾರ ಅವಳು ಮೇಡಂ ಮುಂದೆ ಬಂದು ನಿಂತಳು. "ನಾ ಬಿಟ್ಟುಬಿಡ್ತೀನ್ರೀ ಮೇಡಂ. ನನ್ನ ಕೈಲೇ ಆಗೂದಿಲ್ಲ."

ನೀಲಗಂಗಾ ಮೇಡಂಗೆ ಎದೆ ಚುರ್ ಅಂತು. ಜೊತೆಗೇ ಸಿಟ್ಟೂ ಬಂತು. ದಣಿದವರಿಗೆ ಎರಡೂ ಒಟ್ಟೊಟ್ಟಿಗೇ ಬರುತ್ತವೆ. "ನಾನೇ ಮಾಡಿ ತೋರಸ್ತೀನಿ, ನೋಡು. ಆಮ್ಯಾಲೂ ಬಿಡೋದಿದ್ರ ಬಿಡು" ಎಂದು ಎದ್ದರು. ಕುಪ್ಪಿ ಮುಟ್ಟದೆ ಅವರಿಗೆ ಹತ್ತು ವರ್ಷವಾಗಿತ್ತು.

ತಮ್ಮ ಡ್ರಾಯರಿನ ಬೀಗ ತೆಗೆದು ಹಳೆಯ ಸಾಮಾನು ಹೊರಗಿಟ್ಟರು. ಒಂದು ಕುಪ್ಪಿ, ಒಂದು ಕಲಕುವ ಕಡ್ಡಿ. ಕಲಕುವ ಕಡ್ಡಿ ಎಂದರೆ ಶೇಂಗಾಕಾಯಿಯಷ್ಟು ಉದ್ದದ ಪುಟ್ಟ ಅಯಸ್ಕಾಂತ, ಮೇಲೆ ಬಿಳಿ ಪ್ಲಾಸ್ಟಿಕ್ ಹೊದಿಕೆ. ಕುಪ್ಪಿಯೊಳಗೆ ಹಾಕಿ ಯಂತ್ರದ ಮೇಲಿಟ್ಟರೆ ಗಿರಗಿರ ತಿರುಗಿ ದ್ರಾವಣವನ್ನು ಕಲಕುತ್ತದೆ. ಮೇಡಂದು ಬಹಳ ಹಳೆಯದು, ಗೀರು ಬಿದ್ದು ಬೂದುಬಣ್ಣಕ್ಕೆ ತಿರುಗಿತ್ತು. ಅದನ್ನು ಅವರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ವಿದ್ಯಾರ್ಥಿಗಳು ಹೊಸದನ್ನೇ ಬಳಸಬೇಕು.

ಸಾಸಿವೆ ಕಾಳಿನಷ್ಟು ಪಂಜರದ ಪುಡಿಯನ್ನು ತೂಗಿ ಕಾಗದದಲ್ಲಿ ಮಡಚಿಟ್ಟರು. ಕುಪ್ಪಿಗೆ ದ್ರಾವಕ ಸುರಿದರು. ಅಂಟಬೇಕಾದ ಎರಡು ಪದಾರ್ಥಗಳನ್ನು ಹಾಕಿದರು. ಇನ್ನೇನು ಪಂಜರ ಹಾಕಬೇಕು, ಅಷ್ಟರಲ್ಲಿ ಜವಾನ ಓಡಿಬಂದ. "ಮೇಡಂ, ಪರಿಶೀಲನಾ ತಂಡದವ್ರು ಬರಾಕತ್ತಾರಂತ. ಸಾಹೇಬ್ರು ಫೈಲ್ ತಗೊಂಡು ಈಗಿಂದೀಗ ಬರ್ರಿ ಅಂದ್ರು." ಮೇಡಂ ಕಾಗದವನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೋದರು. ಶಮೀಮಾಳನ್ನು ಅದೇ ಫೈಲಿನ ನಕಲು ಪ್ರತಿ ತರಲು ಕಳಿಸಿದರು. ಮುಕ್ಕಾಲು ಗಂಟೆ ಅದೇ ರಗಳೆ. ವಾಪಸ್ ಬಂದವರೇ, ತಲೆಯಲ್ಲಿ ಫೈಲು ಇಟ್ಟುಕೊಂಡೇ ಯಂತ್ರದ ಗುಂಡಿ ತಿರುಗಿಸಿದರು. ಶಮೀಮಾ ಬರುವಷ್ಟರಲ್ಲಿ ಕಡ್ಡಿ ತಿರುಗುತ್ತಿತ್ತು.

ಸಂಜೆ ನಾಲ್ಕಕ್ಕೆ ಕುಪ್ಪಿಯ ತಳದಲ್ಲಿ ಬಿಳಿ ಪುಡಿ ದಪ್ಪಗೆ ಕೂತಿತ್ತು.

"ಬಂತಲ್ಲ! ಕಂಡ್ಯಾ?" ಎಂದರು ಮೇಡಂ.

ಶಮೀಮಾ ಕುಪ್ಪಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಅಳಲಿಲ್ಲ. "ಹಂಗಾರ ಖರೇನ ನನ್ನ ಕೈನ ಸರಿಯಿಲ್ರೀ" ಅಂದಳು, ಅಷ್ಟೇ. ವಿಭಾಗದ ಮುಖ್ಯಸ್ಥರಿಗೆ ಪತ್ರ ಕೊಟ್ಟು ಬರುತ್ತೇನೆಂದು ಹೊರಟುಹೋದಳು.

ಗೆದ್ದವರು ನೀಲಗಂಗಾ ಮೇಡಂ. ಆದರೆ ಗೆದ್ದ ಖುಷಿ ಇರಲಿಲ್ಲ, ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು. ಕೋಟು ಬಿಚ್ಚುತ್ತಾ ಕನ್ನಡಕಕ್ಕೆಂದು ಜೇಬಿಗೆ ಕೈ ಹಾಕಿದರು. ಕೈಗೆ ಮಡಚಿದ ಕಾಗದ ಸಿಕ್ಕಿತು. ಬಿಚ್ಚಿದರು. ಸಾಸಿವೆ ಕಾಳಿನಷ್ಟು ಪುಡಿ ಇಟ್ಟ ಹಾಗೇ ಇತ್ತು. ಅಯ್ಯೋ ಶಿವನೇ!

ಅವರು ಸ್ಟೂಲ್ ಎಳೆದುಕೊಂಡು ಕೂತರು. ಪಂಜರವನ್ನೇ ಹಾಕಿಲ್ಲ. ಆದರೂ ಪದಾರ್ಥ ತಯಾರಾಗಿದೆ. ಹಾಗಾದರೆ ಅದನ್ನು ಮಾಡಿದ್ದು ಯಾರು? ಮೂವತ್ತು ವರ್ಷದ ಅನುಭವ ಸುಮ್ಮನೆ ಬಿಡುತ್ತದೆಯೇ, ಕಣ್ಣು ನೇರವಾಗಿ ಆ ಬೂದು ಕಡ್ಡಿಯ ಮೇಲೆ ಹೋಯಿತು. ಪಂಜರಕ್ಕೆ ಕೈಹಾಕುವ ಮೊದಲು ಅವರು ಪಲ್ಲೇಡಿಯಂ ಎಂಬ ಲೋಹದ ಜೊತೆ ಕೆಲಸ ಮಾಡಿದ್ದರು. ಅಣುಗಳನ್ನು ಜೋಡಿಸುವುದರಲ್ಲಿ ಅದು ಮಹಾ ಚತುರ ಲೋಹ, ಚಿಟಿಕೆಯಲ್ಲಿ ನೂರನೇ ಪಾಲು ಸಾಕು. ಅದರ ಕಣಗಳು ಕಡ್ಡಿಯ ಗೀರುಗಳಲ್ಲಿ ಸಿಕ್ಕಿಕೊಂಡಿದ್ದವು. ತೊಳೆದರೂ ಹೋಗಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಕೆಲಸ ಮಾಡಿದ್ದು ಆ ಕೊಳೆ, ಹೆಸರು ಬಂದದ್ದು ಪಂಜರಕ್ಕೆ. ಪಂಜರ ಹಾಕದೆ ಒಂದು ಸಲ ಮಾಡಿ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಬಿಎಸ್ಸಿ ಮಕ್ಕಳಿಗೂ ಹೇಳಿಕೊಡುವ ಪಾಠ ಅದು. ಲೇಖನ ಕಳಿಸುವ ಅವಸರದಲ್ಲಿ ಅವರು ನೋಡಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಇಷ್ಟು ವರ್ಷ ಆ ಹುಡುಗಿಯ ಕೈಗೆ ಬರೆ ಎಳೆದಿದ್ದರು.

ಕಾಗದ ಅವರ ಕೈಯಲ್ಲೇ ಇತ್ತು. ಕಸದ ಬುಟ್ಟಿ ಕಾಲ ಬುಡದಲ್ಲಿತ್ತು. ಯಾರೂ ನೋಡಿಲ್ಲ. ಎಂಟು ತಿಂಗಳು ಕಳೆದರೆ ಹಾರ, ಶಾಲು, ಭಾಷಣ, ಮುಗಿಯಿತು. ಹುಡುಗಿ ಹೇಗೂ ಹೊರಟಿದ್ದಾಳೆ. ನನಗಿನ್ನು ಜಗಳಾಡುವ ಶಕ್ತಿ ಎಲ್ಲಿದೆ ಎಂದು ಅವರ ಮನಸ್ಸು ಗೋಗರೆಯಿತು. ಸುಳ್ಳು ಹೇಳು ಅಂತ ಮನಸ್ಸು ಹೇಳಲಿಲ್ಲ ನೋಡಿ, ಸುಮ್ಮನಿರು ಅಂತಷ್ಟೇ ಹೇಳಿತು. ದಣಿದವರನ್ನು ಕೆಡಿಸುವುದಕ್ಕೆ ಅಷ್ಟು ಸಾಕು.

ಕೊನೆಗೆ ಅವರನ್ನು ಎಬ್ಬಿಸಿದ್ದು ಯಾವ ದೊಡ್ಡ ಆದರ್ಶವೂ ಅಲ್ಲ. ಆ ಹುಡುಗಿ ಇನ್ನು ಬದುಕಿರುವಷ್ಟು ದಿನ ತನ್ನ ಕೈಯನ್ನೇ ದೂರಿಕೊಂಡು ಇರುತ್ತಾಳಲ್ಲಾ ಎಂಬ ಯೋಚನೆ ಬಂತು, ಅಷ್ಟೇ. ಎದ್ದರು. ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು ಮುಖ್ಯಸ್ಥರ ಕೋಣೆಗೆ ಹೋದರು.

ಮುಖ್ಯಸ್ಥ ವೃಷಭ ಉಪಾಧ್ಯೆ ಆಗಷ್ಟೇ ಶಮೀಮಾಳ ಪತ್ರ ಓದುತ್ತಿದ್ದರು. ಅವಳು ಎದುರಿಗೆ ನಿಂತಿದ್ದಳು. ಮೇಡಂ ಮಡಚಿದ ಕಾಗದವನ್ನು ಮೇಜಿನ ಮೇಲೆ ಬಿಚ್ಚಿಟ್ಟು ಎಲ್ಲವನ್ನೂ ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ.

ಉಪಾಧ್ಯೆ ಮೊದಲು ಎದ್ದು ಬಾಗಿಲು ಹಾಕಿದರು. "ಮೇಡಂ, ಇನ್ನ ಎಂಟ ತಿಂಗಳು ಅದ. ಯಾರರ ಕೇಳಿದ್ರೇನ್ರೀ ನಿಮಗ? ಹಳೇ ಹುಣ್ಣು ಕೆರೀಬ್ಯಾಡ್ರಿ. ಸುಮ್ನ ಮನೀಗೆ ಹೋಗಿ ಆರಾಮ ಮಾಡ್ರಿ."

ಶಮೀಮಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ, ಎಂದೂ ದನಿ ಎತ್ತದ ಆ ಹುಡುಗಿ ಕೂಗಿಬಿಟ್ಟಳು. "ಮೂರು ವರ್ಷ ರೀ ಮೇಡಂ! ಮೂರು ವರ್ಷ! ನಮ್ಮ ಅಬ್ಬಾಗ ನಾ ಏನು ಹೇಳಿಕೋತ ಬಂದೀನಿ ಗೊತ್ತದ ಏನು ನಿಮಗ? ನಿಮ್ಮ ಮಗಳು ದಡ್ಡಿ ಅದಾಳ ಅಂತ ಹೇಳೀನ್ರೀ!"

ನೀಲಗಂಗಾ ಮೇಡಂ ತಲೆ ತಗ್ಗಿಸಿದರು. "ತಪ್ಪಾತವ್ವಾ" ಅಂದರು. "ಆ ಪತ್ರ ವಾಪಸ್ ತಗೋ. ನಾಳಿಂದ ನೀನ ಮಾಡು. ನಾ ಪಕ್ಕಕ್ಕ ನಿಂದರ್ತೀನಿ."

ಮರುದಿನ ಶಮೀಮಾ ನಾಲ್ಕು ಕುಪ್ಪಿ ಇಟ್ಟಳು, ಹಳೆಯ ಕಡ್ಡಿ ಒಂದೇ ಇದ್ದದ್ದರಿಂದ ಅದನ್ನು ಹಾಕಬೇಕಾದ ಎರಡನ್ನು ಒಂದಾದ ಮೇಲೊಂದು ಕಲಕಿದಳು. ಹಳೆಯ ಕಡ್ಡಿ ಇದ್ದಲ್ಲಿ, ಪಂಜರ ಹಾಕಿದರೂ ಬಿಟ್ಟರೂ ಪುಡಿ ಬಂತು. ಹೊಸ ಕಡ್ಡಿ ಇದ್ದಲ್ಲಿ, ಪಂಜರ ಹಾಕಿದರೂ ಬಿಟ್ಟರೂ ನೀರು ನೀರೇ. ಹತ್ತು ಸಲ ಮಾಡಿದರೂ ಅದೇ ಉತ್ತರ. ಅವಳ ಕೈಯಲ್ಲೇ ಪುಡಿ ಬಂತು, ಗಮನಿಸಿ.

ಮೇಡಂ ತಾವೇ ಕೂತು ಪತ್ರಿಕೆಗೆ ಪತ್ರ ಬರೆದರು: ಇಪ್ಪತ್ತೆರಡು ವರ್ಷದ ಹಿಂದಿನ ನನ್ನ ಲೇಖನ ತಪ್ಪು, ಹಿಂದಕ್ಕೆ ಪಡೆಯುತ್ತಿದ್ದೇನೆ. ತಪ್ಪನ್ನು ಸಾಬೀತು ಮಾಡಿದ ಹೊಸ ಲೇಖನಕ್ಕೆ ಶಮೀಮಾಳ ಹೆಸರು ಮೊದಲು. ಆ ಎಂಟು ತಿಂಗಳು ಹೇಗೆ ಕಳೆದವೋ ಅವರಿಗೇ ಗೊತ್ತು. ಕಾರಿಡಾರಿನಲ್ಲಿ ಜನ ಮಾತು ನಿಲ್ಲಿಸುತ್ತಿದ್ದರು. ಹಳೆಯ ಲೇಖನ ನಂಬಿ ಕೆಲಸ ಮಾಡಿದ್ದ ದೂರದ ಊರಿನ ಪ್ರಾಧ್ಯಾಪಕರೊಬ್ಬರು, ನನ್ನ ಇಬ್ಬರು ವಿದ್ಯಾರ್ಥಿಗಳ ಬದುಕು ಹಾಳು ಮಾಡಿದಿರಿ ಎಂದು ಬರೆದರು. ಮೇಡಂ ಆ ಪತ್ರಕ್ಕೂ ಉತ್ತರ ಬರೆದು ಕ್ಷಮೆ ಕೇಳಿದರು. ಬೀಳ್ಕೊಡುಗೆ ಸಭೆಯಲ್ಲಿ ಅವರ ಸಂಶೋಧನೆಯ ಬಗ್ಗೆ ಯಾರೂ ಬಾಯಿಬಿಡಲಿಲ್ಲ, ಅವರು ಎಷ್ಟು ಚೆನ್ನಾಗಿ ಹಾಜರಿ ಪುಸ್ತಕ ಇಡುತ್ತಿದ್ದರು ಅಂತ ಹೊಗಳಿದರು.

ಶಮೀಮಾ ಮಹಾಪ್ರಬಂಧ ಒಪ್ಪಿಸಿದಳು. ಮೇಡಂ ನಿವೃತ್ತರಾದ ಐದನೇ ತಿಂಗಳು ಅವಳ ಮೌಖಿಕ ಪರೀಕ್ಷೆ. ಸಭಾಂಗಣ ತುಂಬಿತ್ತು. ಪುದುಚೇರಿಯಿಂದ ಬಂದ ಪರೀಕ್ಷಕರು ಎಲ್ಲ ಪ್ರಶ್ನೆ ಕೇಳಿ ಮುಗಿಸಿ, ಹುಡುಗಿಯನ್ನು ಮೆಚ್ಚಿ, ಆಮೇಲೆ ಮೊದಲ ಸಾಲಿನಲ್ಲಿ ಕೂತಿದ್ದ ಮೇಡಂ ಕಡೆ ತಿರುಗಿದರು. "ಇಂಥ ಪ್ರಾಮಾಣಿಕತೆ ನಾನು ನನ್ನ ಸರ್ವಿಸಿನಲ್ಲೇ ನೋಡಿಲ್ಲ. ಇವರಿಗೆ ನಾವೆಲ್ಲ ಚಪ್ಪಾಳೆ ತಟ್ಟಲೇಬೇಕು" ಎಂದರು.

ನೀಲಗಂಗಾ ಮೇಡಂ ಕುರ್ಚಿ ಹಿಡಿದುಕೊಂಡು ಎದ್ದು ನಿಂತರು. "ಬ್ಯಾಡ್ರಿ," ಎಂದರು. "ನಾ ಖರೆ ಹೇಳಿದ್ದು ಒಂದು ದಿನ. ಈ ಹುಡುಗಿಗೆ ನಿನ್ನ ಕೈ ಸರಿಯಿಲ್ಲ ಅಂತ ಹೇಳಿದ್ದು ಮೂರು ವರ್ಷ. ಅದಕ್ಕ ಚಪ್ಪಾಳಿ ಹೊಡೀತೀರೇನ್ರೀ?"

ಎತ್ತಿದ್ದ ಕೈಗಳು ಹಾಗೇ ನಿಂತವು. ಶಮೀಮಾ ವೇದಿಕೆಯಿಂದ ಇಳಿದು ಬಂದಳು. ಕ್ಷಮಿಸಿದೆ ಅಂತ ಅವಳು ಹೇಳಲಿಲ್ಲ. ಮಂಡಿ ನೋವಿನಲ್ಲೇ ನಿಂತಿದ್ದ ಮೇಡಂ ಅವರನ್ನು ತೋಳು ಹಿಡಿದು ಕೂರಿಸಿದಳು.

ನೀತಿ: ಕೆಲಸ ಕೈಗೂಡದಾಗ ಕಿರಿಯರನ್ನು ದೂರುವ ಮೊದಲು, ಹಿರಿಯರು ತಾವು ನಂಬಿಕೊಂಡು ಬಂದದ್ದನ್ನೇ ಒಮ್ಮೆ ಪರೀಕ್ಷಿಸಿ ನೋಡಬೇಕು. ತಪ್ಪನ್ನು ಯಾವಾಗ ಒಪ್ಪಿಕೊಂಡರೂ ಒಳ್ಳೆಯದೇ. ಆದರೆ ತಡ ಮಾಡಿದಷ್ಟೂ ಹಾಳಾಗುವ ವರ್ಷಗಳು ನಮ್ಮವಲ್ಲ, ನಮ್ಮನ್ನು ನಂಬಿದವರವು. ಅವು ಒಪ್ಪಿಕೊಂಡ ಮೇಲೂ ವಾಪಸ್ ಬರುವುದಿಲ್ಲ.