ಹಸಿರಿಗೆ ಕತ್ತಿ ಇಡದ ಮನೆ

"ಗುರುಗಳೇ, ದುಡಿಯುವವನು ಸೊರಗುತ್ತಾನೆ. ಅವನ ಹೆಗಲೇರಿ ಕುಳಿತವನು ಕೊಬ್ಬುತ್ತಾನೆ. ಊರು ಕೊಬ್ಬಿದವನಿಗೇ ಕೈ ಮುಗಿಯುತ್ತದೆ. ಇದು ಯಾವ ನ್ಯಾಯ?" ಎಂದು ಶಿಷ್ಯನೊಬ್ಬ ಕೇಳಿದ. ಅವನ ದನಿ ಏರಿತ್ತು.

ಗುರುಗಳು ಅವನನ್ನು ಕುಳ್ಳಿರಿಸಿ ಹೇಳಿದರು:

ಒಬ್ಬ ರೈತನಿದ್ದ. ಅವನ ಹಿತ್ತಲಿನಲ್ಲಿ ಒಂದು ಮಾವಿನ ಮರವಿತ್ತು. ಅದರ ಸಸಿಯನ್ನು ಅವನ ಹೆಂಡತಿ ತವರಿನಿಂದ ತಂದು ನೆಟ್ಟಿದ್ದಳು. ಮನೆಯ ವರ್ಷದ ಉಪ್ಪಿನಕಾಯಿ ಆ ಮರದ ಮಿಡಿಯಿಂದಲೇ ಆಗುತ್ತಿತ್ತು.

ಒಂದು ಹಕ್ಕಿ ತಾನು ತಿಂದ ಹಣ್ಣಿನ ಅಂಟು ಬೀಜವನ್ನು ಆ ಮರದ ಕೊಂಬೆಗೆ ಒರೆಸಿ ಹೋಯಿತು. ಬೀಜ ಅಲ್ಲಿಯೇ ಮೊಳೆಯಿತು. ನೆಲಕ್ಕಿಳಿಯುವ ಕಷ್ಟ ಅದಕ್ಕೆ ಬೇಕಿರಲಿಲ್ಲ. ಕೊಂಬೆಯೊಳಗೇ ಬೇರು ಚುಚ್ಚಿ, ಮರ ಆಳದಿಂದ ಎಳೆದು ತಂದ ನೀರನ್ನು ನಡುದಾರಿಯಲ್ಲಿ ಕುಡಿಯಿತು. ಅದು ಬಂದಳಿಕೆ. ಅದು ಕುಳಿತಲ್ಲಿಂದ ಮುಂದಕ್ಕೆ ಕೊಂಬೆ ಒಣಗಿತು. ಅದು ಮಾತ್ರ ದಟ್ಟವಾಗಿ ಚಿಗುರಿ ಕೆಂಪು ಹೂ ಬಿಟ್ಟಿತು.

ರೈತ ಹಿಗ್ಗಿದ. ಮಾವು ಕೆಂಪು ಹೂ ಬಿಟ್ಟದ್ದನ್ನು ಅವನ ವಂಶದಲ್ಲಿ ಯಾರೂ ಕಂಡಿರಲಿಲ್ಲ. ನೋಡಲು ಬಂದವರು ಕೂರಲೆಂದು ಒಂದು ಕಲ್ಲು ಹಾಸಿಸಿದ. ಊರ ಹಿರಿಯರು ಅದರ ಮೇಲೆ ಕುಳಿತು, ತಲೆಯೆತ್ತಿ, ಇದು ಯಜಮಾನನ ಪುಣ್ಯ ಎಂದರು. ಮರದ ಪುಣ್ಯದ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ವರ್ಷಕ್ಕೊಮ್ಮೆ ಮರ ಸವರುವಾಗ ಒಣಗಿದ್ದನ್ನು ಕಡಿಯಬೇಕು, ಹಸಿರಿಗೆ ಕತ್ತಿ ಇಡಬಾರದು. ಮರ ಹತ್ತಿದ ಆಳು ಮೇಲಿನಿಂದಲೇ ಕೂಗಿದ:

"ಧಣಿ, ಈ ಹಸಿರು ಮಾವಿನದ್ದಲ್ಲ, ಬಂದಳಿಕೆಯದ್ದು. ಇದನ್ನು ತೆಗೆದರೆ ಮರ ಉಳಿದೀತು."

"ನೀನು ಮರ ಸವರಲು ಬಂದವನೋ, ನನಗೆ ಬುದ್ಧಿ ಹೇಳಲು ಬಂದವನೋ? ಹಸಿರು ಬಿಡು, ಒಣಗಿದ್ದು ಕಡಿ."

ಆಳು ಒಣಗಿದ್ದನ್ನು ಕಡಿದ. ಕಡಿದದ್ದು ಮಾವು, ಉಳಿಸಿದ್ದು ಬಂದಳಿಕೆ. ಮರುವರ್ಷವೂ ಹಾಗೆಯೇ ಆಯಿತು. ಬಂದಳಿಕೆ ಈಗ ಐದಾರು ಕಡೆ ಹಬ್ಬಿತ್ತು.

ಮೂರನೆಯ ವರ್ಷ ಹೆಂಡತಿ ಬುಟ್ಟಿಯನ್ನು ಗಂಡನ ಮುಂದೆ ತಂದಿಟ್ಟಳು.

"ಮರಕ್ಕೆಲ್ಲ ಸೇರಿ ಒಂದು ಹಿಡಿ ಮಿಡಿ. ಭರಣಿಗೆ ಇನ್ನು ನಿಮ್ಮ ಕೆಂಪು ಹೂವನ್ನೇ ಹಾಕಲೇ?"

"ನಾಚಿಕೆಯಾಗಬೇಕಾದ್ದು ಸೊರಗಿದ ಕೊಂಬೆಗೆ. ಅದೇ ಮರದಲ್ಲಿ, ಅದೇ ನೀರು ಕುಡಿದು ಪಕ್ಕದ್ದು ಹೇಗೆ ಬೆಳೆದಿದೆ, ನೋಡಬಾರದೇ?"

ಅವಳು ತಾನೇ ಕತ್ತಿಗೆ ಕೈ ಚಾಚಿದಳು. ರೈತ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಪದ್ಧತಿ ಕೆಡಬಾರದಲ್ಲ.

ಮುಂದಿನ ವರ್ಷ ಮಾವು ಸತ್ತಿತು. ಕೆಲವು ದಿನಗಳಲ್ಲಿ ಬಂದಳಿಕೆಯೂ ಒಣಗಿತು; ಅದಕ್ಕಾಗಿ ನೀರು ಹೊರುವವರು ಯಾರೂ ಉಳಿದಿರಲಿಲ್ಲ. ಎಲ್ಲವೂ ಒಣಗಿದ್ದರಿಂದ, ಪದ್ಧತಿಯ ಪ್ರಕಾರ, ಈಗ ಎಲ್ಲವನ್ನೂ ಕಡಿಯಬಹುದಾಗಿತ್ತು. ರೈತ ಕಡಿಸಿದ. ಹೆಂಡತಿ ಭರಣಿಯನ್ನು ತೊಳೆದು ಬೋರಲು ಹಾಕಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಎಂಥ ದ್ರೋಹಿ ಆ ಬಂದಳಿಕೆ! ಅನ್ನವಿಟ್ಟ ಮರವನ್ನೇ ಕೊಂದಿತಲ್ಲ!"

ಗುರುಗಳು ಕೇಳಿದರು: "ವರ್ಷ ವರ್ಷವೂ ಕೊಂಬೆ ಕಡಿಯಲು ಬಂದಳಿಕೆಗೆ ಕೈ ಎಲ್ಲಿತ್ತಪ್ಪ?"